ದೊರೆಗೊಂದು ಎಲೆ, ಸುಬೇದಾರರಿಗೊಂದು ಎಲೆ

ಮಾದಾಪುರದ ನಮ್ಮ ಮನೆಯ ಅಗ್ಗಿಷ್ಟಿಕೆಯಲ್ಲಿ ನಾನು ಎಂದೂ ಬೆಂಕಿ ಕಂಡವನಲ್ಲ. ಅಲ್ಲಿ ಕೋಳಿ ಕಾವು ಕೂರುತ್ತಿತ್ತು. ನಮ್ಮದು ಚಿಮಣಿ ಇರುವ ಮನೆಯೆಂದು ಶಾಲೆಯಲ್ಲಿ ಬಡಾಯಿ ಕೊಚ್ಚುವಾಗ ಕೋಳಿಯ ವಿಷಯ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಚಿಮಣಿ ಕಟ್ಟಿಸಿದವನು ಒಬ್ಬ ಬಿಳಿ ದೊರೆ. ಕಾಫಿ ಬೆಳೆಯಲು ಬಂದವನು ಚಳಿಜ್ವರ ಹಿಡಿದು ಇಲ್ಲೇ ತೀರಿಕೊಂಡ. ಆಮೇಲೆ ಬಂದ ಕೊಡವ ಸುಬೇದಾರರು ಕೋವಿ ತೂಗುಹಾಕಲು ಗೋಡೆ ತುಂಬ ಗೂಟ ಹೊಡೆಸಿದರು. ಅವರು ಸಿದ್ದಾಪುರದ ಮಗಳ ಮನೆ ಸೇರುವಾಗ ನಮ್ಮ ಅಜ್ಜ ಇದನ್ನು ಕೊಂಡರು; ಗೂಟಗಳಿಗೆ ನಮ್ಮ ಅಂಗಿಗಳು ಬಂದವು. ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಅಷ್ಟು ಪುಟ್ಟ ರಾಜ್ಯಕ್ಕೆ ಮಂತ್ರಿಗಳಿರುವಾಗ ನಮ್ಮಂಥವರ ಮನೆಗೊಂದು ಇತಿಹಾಸ ಇರಬಾರದೇ?

ಅಜ್ಜಿಗೆ ಮಾತ್ರ ಈ ಇತಿಹಾಸ ಹಿಡಿಸಲಿಲ್ಲ. ಬಂದ ವರ್ಷವೇ ಕರು ಸತ್ತಿತು, ಅಜ್ಜ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮನೆ ನಮ್ಮನ್ನು ಒಪ್ಪಿಲ್ಲ ಎಂಬುದು ಅವಳ ತೀರ್ಮಾನ. ಇನ್ನೊಂದು ಅಪಶಕುನವಾದರೆ ಭಾಗಮಂಡಲದ ಹಳೇ ಮನೆಗೆ ಹೊರಟೇಬಿಡುವುದಾಗಿ ಹೇಳಿಯೂ ಆಗಿತ್ತು.

ನಾವು ಅರೆಭಾಷೆ ಗೌಡರು ಗತಿಸಿದ ಹಿರಿಯರಿಗೆ ವರ್ಷಕ್ಕೊಮ್ಮೆ ‘ಕಾರಣ’ ಕೊಡುತ್ತೇವೆ, ಎಂದರೆ ಎಡೆ ಇಡುತ್ತೇವೆ. ಕೋಣೆಯಲ್ಲಿ ಎಲೆ ಹಾಕಿ, ಮಾಂಸದಡುಗೆ, ಕಳ್ಳು ಎಲ್ಲ ಬಡಿಸಿ, ಅವರು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದು. ಆ ವರ್ಷ ಅಜ್ಜಿ ಎರಡು ಎಲೆ ಹೆಚ್ಚಿಗೆ ಹಾಕಿದಳು. ಒಂದು ದೊರೆಗೆ, ಪಾಪ, ಖಾರ ತಡೆಯಲಾರನೆಂದು ಅವನಿಗೆ ಬೇರೆಯೇ ಸಪ್ಪೆ ಸಾರು. ನೀವು ನಗಬೇಡಿ. ಇನ್ನೊಂದು ಸುಬೇದಾರರಿಗೆ, ಸಿದ್ದಾಪುರದ ಸುಬೇದಾರರು ತೀರಿಕೊಂಡರೆಂದು ಸಂತೆಯಲ್ಲಿ ಸುದ್ದಿಯಾಗಿತ್ತು. ಯಾರದೋ ಹಿರಿಯರಿಗೆ ನಾವೇಕೆ ಬಡಿಸಬೇಕೆಂದು ಅಜ್ಜ ಗೊಣಗಿದರು.

"ಈ ಮನೆಲಿ ಬಾಳಿದವ್ಕೆ ಬಡ್ಸದೆ ನಾವು ಉಂಬದು ಹೆಂಗೆ?" ಎಂದಳು ಅಜ್ಜಿ.

ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಹಸಿದು ಕೂತಿರುವಾಗ ಕೋಲೂರಿಕೊಂಡು ಸುಬೇದಾರರೇ ಬಂದರು. ಕೊಡಗಿನಲ್ಲಿ ಸುಬೇದಾರರಿಗೇನು ಬರವೇ? ಸತ್ತವರು ಬೇರೊಬ್ಬರು. ಇವರು ನೆಂಟರ ಮನೆಗೆ ಬಂದವರು, ತಾವು ನೆಟ್ಟ ಕಿತ್ತಳೆ ಗಿಡ ನೋಡಿ ಹೋಗೋಣವೆಂದು ಇತ್ತ ತಿರುಗಿದ್ದರು. ಅಜ್ಜಿ ಬಿಳಿಚಿಕೊಂಡಳು. ಬದುಕಿರುವವರಿಗೆ ಸತ್ತವರ ಎಲೆ! ಇದಕ್ಕಿಂತ ದೊಡ್ಡ ಅಪಶಕುನ ಬೇಕೇ? ಅಜ್ಜ ತಡವರಿಸುತ್ತ ನಡೆದದ್ದನ್ನೆಲ್ಲ ಹೇಳಿ ಕೈಮುಗಿದರು.

ಸುಬೇದಾರರು ಬಾಗಿಲು ತೆರೆಸಿ ಎರಡೂ ಎಲೆಗಳನ್ನು ನೋಡಿದರು. ದೊರೆಯ ಸಪ್ಪೆ ಸಾರಿನ ಕಥೆಯನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಅವರ ಮೀಸೆ ಅದುರಿತು, ಬೈಗುಳ ಬಂತೆಂದುಕೊಂಡೆ. ಅವರು ಕೋಲನ್ನು ಗೋಡೆಗೊರಗಿಸಿ ತಮ್ಮ ಎಲೆಯ ಮುಂದೆ ಕೂತರು.

"ಇಷ್ಟು ವರ್ಷ ಇಲ್ಲಿದ್ದೆ ಅಕ್ಕ, ದೊರೆಗೆ ಒಂದು ತುತ್ತು ಇಡ್ಬೇಕೂಂತ ನಂಗೆ ತೋಚ್ಲೇ ಇಲ್ಲ. ಈ ಮನೆ ನಿಮ್ಮದೇ. ಸಾರು ಆರಿದೆ, ಬಿಸಿ ಇದ್ರೆ ಹಾಕಿ."

ಸತ್ತವರ ಸತ್ಕಾರದಲ್ಲಿ ಒಂದೇ ಕೊರತೆ, ಅವರು ಇನ್ನಷ್ಟು ಬೇಕೆನ್ನುವುದಿಲ್ಲ. ಸುಬೇದಾರರು ಮೂರು ಸಲ ಬಡಿಸಿಕೊಂಡರು. ಅಜ್ಜಿ ಭಾಗಮಂಡಲಕ್ಕೆ ಹೋಗಲಿಲ್ಲ.