ಕೂತು ತಿನ್ನದ ಮನುಷ್ಯ

ಸಾಯುವ ಹಿಂದಿನ ದಿನವೂ ನನ್ನ ಗಂಡ ಅಂಗಡಿಯಲ್ಲಿ ಪಾಸ್ತಾ ಪೊಟ್ಟಣಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಇಟಲಿಯ ಆ ಪಾಸ್ತಾಕ್ಕೆ ಒರೆಕಿಯೆಟ್ಟೆ ಅಂತ ಹೆಸರಂತೆ. ಪುಟ್ಟ ಕಿವಿಯ ಹಾಗಿರುವುದರಿಂದ ನಮಗದು ಕಿವಿ ಪಾಸ್ತಾ. ಗುಳಿಯಲ್ಲಿ ಬೆಳ್ಳುಳ್ಳಿ ಎಣ್ಣೆ ನಿಲ್ಲಬೇಕು, ಒಡೆದಿದ್ದರೆ ನಿಲ್ಲುವುದಿಲ್ಲ ಅನ್ನುತ್ತಿದ್ದರು. "ಅಣ್ಣಾ, ಮದುವೆ ಆಗೋವಾಗ್ಲೂ ಇಷ್ಟು ನೋಡಿದ್ರಾ?" ಅಂದಳು ಅಂಗಡಿಯಾಕೆ. "ಆಗ ಅವಸರ ಮಾಡ್ಬಿಟ್ಟೆ, ಅದಕ್ಕೇ ಈಗ ಹುಷಾರು" ಅಂದು ನನ್ನತ್ತ ಕಣ್ಣು ಮಿಟುಕಿಸಿದರು. ಬಸ್ ಡ್ರೈವರು ಅವರು. ಮನೆಗೆ ಬಂದರೆ ಒಂದು ಗಳಿಗೆ ಕೂರುವವರಲ್ಲ. ಪಾತ್ರೆ ಒಲೆಗೇರಿದರೆ ಮುಚ್ಚಳ ತೆಗೆಯುವುದು, ಒಂದನ್ನು ಎತ್ತಿ ಕಚ್ಚಿ ನೋಡುವುದು, ಬಾಗಿಲವರೆಗೆ ಹೋಗುವುದು, ಮತ್ತೆ ಬಂದು ಮುಚ್ಚಳ ತೆಗೆಯುವುದು. ತಿನ್ನುವುದೂ ತಟ್ಟೆ ಹಿಡಿದು ಓಡಾಡುತ್ತಲೇ. "ಕೂತ್ಕೊಂಡು ತಿನ್ರೀ, ಯಾರೂ ಕಿತ್ಕೊಳ್ಳಲ್ಲ" ಅಂದರೆ, "ದಿನವೆಲ್ಲ ಕೂತೇ ಇರ್ತೀನಿ ಕಣೇ, ಮನೇಲಾದ್ರೂ ನಿಲ್ಲೋಕೆ ಬಿಡು" ಅನ್ನುವರು. ಅಂಗಡಿಗೆ ಹೋಗಿಬಂದ ಆ ಸಂಜೆ ಮಾತ್ರ ನಾನು ಹೇಳದೆಯೇ ಕುರ್ಚಿ ಎಳೆದು ನನ್ನೆದುರು ಕೂತರು. ತಟ್ಟೆ ಖಾಲಿಯಾಗುವವರೆಗೂ ಏಳಲಿಲ್ಲ. ಕೊನೆಗೂ ನನ್ನ ಮಾತು ಕೇಳಿದರಲ್ಲ ಅಂತ ಹಿಗ್ಗಿದೆ. ನಿಲ್ಲಲು ಅವರಿಗೆ ಶಕ್ತಿಯೇ ಇರಲಿಲ್ಲ ಅಂತ ತಿಳಿದದ್ದು ಮಾರನೆಯ ದಿನ, ಎಲ್ಲ ಮುಗಿದ ಮೇಲೆ, ಡಾಕ್ಟರು ಹೃದಯದ ವಿಷಯ ಹೇಳಿದಾಗ. ಈಗ ನನಗೂ ಒಂದು ಕಡೆ ಕೂರಲಾಗದು. ಅವರು ಓಡಾಡಿದಲ್ಲೆಲ್ಲ ಎಣ್ಣೆಯ ಹನಿ ಬಿದ್ದಿರುತ್ತಿತ್ತು, ಬೆಳಿಗ್ಗೆ ಬೈದುಕೊಂಡು ಒರೆಸುತ್ತಿದ್ದೆ. ಈಗಲೂ ಎದ್ದ ಕೂಡಲೇ ನೆಲದ ಬಟ್ಟೆ ನೆನೆಸಿಕೊಂಡು ಒಲೆಯಿಂದ ಬಾಗಿಲವರೆಗೆ ಒರೆಸುತ್ತೇನೆ. ನೆಲದ ಮೇಲೆ ಏನೂ ಇರುವುದಿಲ್ಲ.