ಗೋಡೆಯೊಳಗಿನ ಪೈಪು

ನಾನು ಕಟ್ಟಡ ಕಟ್ಟುವ ವಿದ್ಯೆ ಓದಿದವಳು. ಆದರೂ ಮುಂಡರಗಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಬಹಳ ಕಾಲ ನನಗೆ ‘ಗ್ವಾಡಿ ಒಡದ ಬಾಯಾರು’, ಅಂದರೆ ಗೋಡೆ ಒಡೆದ ಮೇಡಂ, ಎಂದೇ ಹೆಸರಿತ್ತು. ಸುಳ್ಳಲ್ಲವಾದ್ದರಿಂದ ನಾನೂ ಓಗೊಡುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ಗದಗಿನಲ್ಲಿ ನಾನು ಕೆಲಸಕ್ಕಿದ್ದ ಇಂಜಿನಿಯರರ ಕಚೇರಿಗೆ ಒಂದು ಕಂಪ್ಯೂಟರ್ ಬಂತು. ಅದರ ಕೋಣೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಏನೂ ತಿನ್ನಬಾರದು, ಕಂಡಕಂಡವರು ಮುಟ್ಟಬಾರದು. ಲಕ್ಷ್ಮೇಶ್ವರದ ಅರ್ಚಕರ ಮನೆಯಲ್ಲಿ ಬೆಳೆದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಈ ದೇವರು ಮಾತ್ರ ಕರೆಂಟು ಹೋದಾಗ ಕಣ್ಣು ಮುಚ್ಚುತ್ತಿದ್ದ, ಅಷ್ಟೇ.

ಪುಸ್ತಕ ನೋಡಿಕೊಂಡು ನಾನೇ ಒಂದು ಪ್ರೋಗ್ರಾಮ್ ಬರೆದೆ. ನಕ್ಷೆಯ ಅಳತೆ ಕೊಟ್ಟರೆ ಇಟ್ಟಿಗೆ, ಕಬ್ಬಿಣ, ಸಿಮೆಂಟು ಎಷ್ಟು ಬೇಕು, ಯಾವ ವಾರ ಯಾವ ಕೆಲಸ ಎಂದು ಅದು ಹೇಳುತ್ತಿತ್ತು. ಕಟ್ಟಡ ಎದ್ದು ನಿಂತ ಮೇಲೂ ಬಿಡುತ್ತಿರಲಿಲ್ಲ. ಯಾವ ಗೋಡೆಯೊಳಗೆ ಯಾವ ಪೈಪು ಹೋಗಿದೆ, ನೀರಿನ ಟಾಕಿ ಯಾವ ತಿಂಗಳು ತೊಳೆಯಬೇಕು, ಎಲ್ಲ ಅದರ ಹೊಟ್ಟೆಯಲ್ಲಿತ್ತು.

ಮೊದಲು ಅದರ ಮಾತು ಕೇಳಿ ಕಟ್ಟಿದ್ದೇ ಆ ಆಸ್ಪತ್ರೆ. ಮೇಸ್ತ್ರಿ ಹಿರೇವಡ್ಡಟ್ಟಿಯ ಫಕೀರಪ್ಪ. ಅವನಿಗೆ ಓದು ಬರುತ್ತಿರಲಿಲ್ಲ. ವಾರಕ್ಕೊಮ್ಮೆ ನಾನು ಹೋಗಿ ಯಂತ್ರ ಅಚ್ಚು ಹಾಕಿಕೊಟ್ಟ ಕಾಗದ ಓದಿ ಹೇಳುತ್ತಿದ್ದೆ, ಅವನು ತಲೆಯಾಡಿಸುತ್ತಿದ್ದ. ‘ನಿಮ್ಮ ಮಿಷನ್ ಹೇಳಿದ ದಿನಕ್ಕ ಕಬ್ಬಿಣ ಬಂತು ನೋಡ್ರಿ’ ಎಂದು ಒಮ್ಮೆ ಮೆಚ್ಚಿಯೂ ಇದ್ದ. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಕಟ್ಟಿದ ಎರಡನೆಯ ವರ್ಷ ಆಸ್ಪತ್ರೆಯ ಡಾಕ್ಟರಮ್ಮನ ಫೋನು ಬಂತು. ಒಳಗೆಲ್ಲೋ ಪೈಪು ಒಡೆದು ಬಾಣಂತಿಯರ ವಾರ್ಡಿನ ನೆಲ ಜವುಗಾಗಿದೆ, ಹೆರಿಗೆ ಕೋಣೆಗೆ ನೀರೇ ಇಲ್ಲ. ನಾನು ಕಾಗದ ಹಿಡಿದು ಬಸ್ಸು ಹತ್ತಿದೆ. ಅದರ ಪ್ರಕಾರ ಪೈಪು ವಾರ್ಡಿನ ಗೋಡೆಯೊಳಗೆ, ಮೂಲೆಯಿಂದ ಐದು ಅಡಿ, ನೆಲದಿಂದ ಮೂರು ಅಡಿ. ಗುರುತು ಹಾಕಿ ಒಡೆಸಿದೆ. ಪೈಪು ಇರಲಿಲ್ಲ. ಯಂತ್ರ ತಪ್ಪಲಾರದು, ಟೇಪು ತಪ್ಪಿರಬೇಕೆಂದು ಮತ್ತೆ ಅಳೆದು ಪಕ್ಕದಲ್ಲಿ ಒಡೆಸಿದೆ. ಆಮೇಲೆ ಮೂರನೆಯದು. ಮಂಚಗಳೆಲ್ಲ ಪಡಸಾಲೆ ಸೇರಿದವು. ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಡೋಣಿ ಊರಿನ ಒಬ್ಬ ಅಜ್ಜಿ ಮೆಲ್ಲಗೆ ಕೇಳಿದಳು: ‘ನೀರು ಹುಡಕಾಕತ್ತೀರೋ, ಬಂಗಾರ ಹುಡಕಾಕತ್ತೀರೋ ಬಾಯಾರ?’

ಡಾಕ್ಟರಮ್ಮ ನಗಲಿಲ್ಲ. ‘ಸಾಕು ಮಾಡ್ರಿ. ಸಂಜಿಗೆ ಒಂದು ಹೆರಿಗಿ ಐತಿ. ಫಕೀರಪ್ಪನ್ನ ಕರಸ್ತೀನಿ’ ಎಂದರು.

ಫಕೀರಪ್ಪ ಊರಲ್ಲೇ ಒಂದು ಮನೆ ಕಟ್ಟುತ್ತಿದ್ದ. ಬಂದವನು ನನ್ನ ಮೂರು ತೂತು ನೋಡಿದ. ಎದುರು ಗೋಡೆಗೆ ಹೋಗಿ ಅಂಗೈ ಇಟ್ಟು, ಒಂದು ಕಡೆ ಉಳಿ ಹೊಡೆದ. ಅಲ್ಲೇ ಇತ್ತು ಪೈಪು.

‘ಇದು ಇಲ್ಲಿಗೆ ಹೆಂಗ ಬಂತು?’ ಎಂದೆ.

‘ಆ ಗ್ವಾಡಿಗೆ ಬಾಣಂತ್ಯಾರ ಮಂಚ ಬರ್ತಾವ, ಅವರಿಗೆ ತಂಪು ಹತ್ತಬಾರದು ಅಂತ ಡಾಕ್ಟರ್ ಬಾಯಾರು ಹೇಳಿದ್ರು. ಈ ಕಡಿ ತಗೊಂಡೆ.’

ಡಾಕ್ಟರಮ್ಮನಿಗೆ ಅದು ಮರೆತೇಹೋಗಿತ್ತು.

‘ನನಗ್ಯಾಕ ಹೇಳಲಿಲ್ಲ?’

‘ನೀವು ಕೇಳಲಿಲ್ಲಲ್ರಿ. ಕಾಗದ ಓದಿ ಹೋಗ್ತಿದ್ರಿ.’

ಅವನ ದನಿಯಲ್ಲಿ ಕುಹಕ ಇದ್ದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಇರಲಿಲ್ಲ. ಸಂಜೆಗೆ ಮುಂಚೆ ಹೆರಿಗೆ ಕೋಣೆಯ ನಳಕ್ಕೆ ನೀರು ಬಂತು. ಕತ್ತಲಾಗುವ ಹೊತ್ತಿಗೆ ಕೂಸು ಅಳುವುದು ಕೇಳಿಸಿತು. ನಾನು ಕೊನೆಯ ಬಸ್ಸಿಗೆ ಗದಗಿಗೆ ಮರಳಿದೆ.

ಮರುದಿನ ಪ್ರೋಗ್ರಾಮಿನಲ್ಲಿ ಒಂದು ಹೊಸ ಕಾಲಮ್ ಸೇರಿಸಿದೆ, ನಿಜವಾಗಿ ಕಟ್ಟಿದ್ದೇನು ಎಂದು. ಅದನ್ನು ತುಂಬಲು ಫಕೀರಪ್ಪ ಶನಿವಾರ ಶನಿವಾರ ಕಚೇರಿಗೆ ಬರತೊಡಗಿದ. ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕುಳಿತು, ಸಾಕ್ಷಿ ಹೇಳುವವನಂತೆ ಒಂದೊಂದೇ ಹೇಳುತ್ತಿದ್ದ. ಅಸುಂಡಿಯಲ್ಲಿ ಅವನೇ ಕಟ್ಟಿದ್ದ ಒಂದು ಗೋದಾಮಿನ ಸರದಿ ಬಂದಾಗ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

‘ಒಳಗಿನ ಗ್ವಾಡಿ ಒಂದು ಬೆರಳು ವಾಲೇತ್ರಿ. ಪ್ಲಾಸ್ಟರಿನ್ಯಾಗ ಮುಚ್ಚೀನಿ. ಯಾರಿಗೂ ಗೊತ್ತಿಲ್ಲ.’

ನಾನು ಕೀಲಿಮಣೆಯಿಂದ ಕೈ ತೆಗೆದೆ. ಅವನೇ ಹೇಳಿದ: ‘ಬರಕೋರಿ. ನಾಳೆ ಗ್ವಾಡಿ ಒಡಿಯಾವ್ರಿಗೆ ಗೊತ್ತಿರಲಿ.’

ಆದರೆ ಯಂತ್ರಕ್ಕೆ ಬೆರಳಿನ ಭಾಷೆ ಬಾರದು, ಇಂಚು ಬೇಕು. ಮೇಜಿನ ಮೇಲೆ ಸ್ಕೇಲಿಟ್ಟೆ. ಅವನು ತೋರುಬೆರಳು ಚಾಚಿದ. ಸುಣ್ಣ ಸಿಮೆಂಟು ತಿಂದು ದಪ್ಪಗಾದ ಬೆರಳು, ಅಗಲ ಹತ್ತಿರ ಹತ್ತಿರ ಒಂದು ಇಂಚು. ನನ್ನ ಬೆರಳನ್ನೂ ಪಕ್ಕಕ್ಕಿಟ್ಟು ನೋಡಿದೆ, ಅರ್ಧ ಇಂಚಿನ ಮೇಲೆ ಸ್ಕೇಲಿನ ಒಂದು ಗೆರೆಯಷ್ಟೇ. ಅವನ ಅಳತೆಯನ್ನೇ ಬರೆದುಕೊಂಡೆ.