ಟವೆಲ್ ತೆಗೆದ ದಿನ

ಹೋದ ವರ್ಷ ಯುಗಾದಿ ಕಳೆದು, ಮರುದಿನದ ಹೊಸತೊಡಕಿನ ಬಾಡಿನ ಸಾರು ಇನ್ನೂ ನಮ್ಮ ಊಟದ ಡಬ್ಬಿಗಳಲ್ಲಿದ್ದ ದಿನ ನಮ್ಮೆಲ್ಲರ ಕೆಲಸ ಹೋಯಿತು. ಆಗ ನಾನು ಮಧುಗಿರಿಯಲ್ಲಿ ಮೊಬೈಲ್ ಗೇಮ್‌ಗಳನ್ನು ಪರೀಕ್ಷೆ ಮಾಡುವ ಆಫೀಸಿನಲ್ಲಿದ್ದೆ. ಬೆಂಗಳೂರಿನ ಒಂದು ಗೇಮ್ ಕಂಪನಿಯವರು ಬಾಡಿಗೆ ಕಡಿಮೆ ಅಂತ ಬೀಜದ ಅಂಗಡಿಯ ಮೇಲಿನ ಹಾಲ್ ಹಿಡಿದು, ಸುತ್ತಲ ತಾಲ್ಲೂಕುಗಳಿಂದ ಹನ್ನೆರಡು ಜನರನ್ನು ಸೇರಿಸಿಕೊಂಡಿದ್ದರು.

ಅದೊಂದು ಹಡಗಿನ ಆಟ. ಅದನ್ನು ಕಡಿಮೆ ಬೆಲೆಯ ಹಳೇ ಫೋನುಗಳಲ್ಲಿ ಆಡಿ, ಎಲ್ಲಿ ನಿಂತುಹೋಗುತ್ತದೆ, ಎಲ್ಲಿ ಫೋನು ಬಿಸಿಯಾಗುತ್ತದೆ ಎಂದು ಬರೆದು ಕಳಿಸುವುದು ನಮ್ಮ ಕೆಲಸ. ಒಂದೇ ಹಡಗನ್ನು ಒಂದೇ ಬಂಡೆಗೆ ದಿನವಿಡೀ ಗುದ್ದಿಸಿದ್ದೂ ಉಂಟು. ನಾನು ಒಂಬತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವನು. ಅಲ್ಲಿಗೆ ಮೊದಲು ಹೋದದ್ದು ವೈರಿಂಗ್ ಮಾಡಲು. ಬೇಸರ ಪಡದೆ ಕೂತು ದುಡಿಯುವ ಆಳು ಬೇಕೆಂದು ನನ್ನನ್ನೂ ಉಳಿಸಿಕೊಂಡರು.

"ಆಟ ಆಡಾಕೂ ಸಂಬ್ಳ ಕೊಡ್ತಾರಾ ಭಾವ? ಅಂಗೇ ನಿದ್ದೆ ಮಾಡಾ ಕೆಲ್ಸ ಇದ್ರೆ ನಂಗೊಂದು ಕೊಡ್ಸು" ಎಂದು ನನ್ನ ಭಾವಮೈದುನ ಆಡಿಕೊಳ್ಳುತ್ತಿದ್ದ. ನಾನು ಕತ್ತಿನ ಕಾರ್ಡು ತೋರಿಸುತ್ತಿದ್ದೆ. ನನ್ನ ಹೆಸರಿನ ಕೆಳಗೆ ಟೆಸ್ಟರ್ ಎಂದಿತ್ತು. ನಾಲ್ಕು ವರ್ಷ ಆ ಕಾರ್ಡನ್ನು ನಾನು ಮಡಿಸಿದವನಲ್ಲ, ಒಂದು ದಿನ ತಡವಾಗಿ ಹೋದವನೂ ಅಲ್ಲ.

ಆವತ್ತು ಬೆಳಿಗ್ಗೆ ಬೆಂಗಳೂರಿನಿಂದ ಕಾರಿನಲ್ಲಿ ಒಬ್ಬ ಆಫೀಸರ್ ಬಂದರು. ಚಿಕ್ಕ ವಯಸ್ಸು. ಬ್ಯಾಟರಿಗಳನ್ನು ಇಟ್ಟಿದ್ದ ಸಣ್ಣ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕರೆಯತೊಡಗಿದರು. ಒಳಗೆ ಹೋದವರು ಹೊರಗೆ ಬಂದು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಕೊನೆಗೆ ನನ್ನ ಸರದಿ ಬಂತು. ದುಡ್ಡು ಹಾಕಿದ್ದ ಹೊರದೇಶದವರು ಕೈ ಎತ್ತಿದ್ದಾರೆ, ಆಟ ನಿಂತಿದೆ, ಈ ತಿಂಗಳಿಗೆ ಆಫೀಸು ಮುಚ್ಚುತ್ತದೆ ಎಂದರು. ಒಂದು ಹಾಳೆ ಮುಂದಿಟ್ಟರು. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಸಹಿ ಹಾಕಿದರೆ ಎರಡು ತಿಂಗಳ ಸಂಬಳ.

"ರಂಗಣ್ಣ ಅವರೇ, ನಿಮ್ಮ ಕೆಲಸ ನಮಗೆ ಗೊತ್ತು. ಹೊಸ ಪ್ರಾಜೆಕ್ಟ್ ಬಂದ್ರೆ ಮೊದಲು ನಿಮ್ಮನ್ನೇ ಕರೀತೀವಿ. ಇದು ನಿಮಗೆ ಮಾತ್ರ. ಹೊರಗೆ ಯಾರಿಗೂ ಹೇಳಬೇಡಿ" ಎಂದರು.

ಪೆನ್ನು ಕೈಯಲ್ಲಿತ್ತು. ನನ್ನ ಕೆಲಸ ಗೊತ್ತು ಅಂದದ್ದಕ್ಕೆ ಖುಷಿಯೂ ಆಗಿತ್ತು. ಆದರೆ 'ನಿಮಗೆ ಮಾತ್ರ' ಎಂಬ ಮಾತು ಕಿವಿಗೆ ಬಿದ್ದದ್ದೇ ನಮ್ಮಪ್ಪ ನೆನಪಾದ.

ನಮ್ಮಪ್ಪ ಕುರಿ ಸಂತೆಗಳಲ್ಲಿ ದಲ್ಲಾಳಿ. ಶಾಲೆ ಬಿಟ್ಟ ಮೇಲೆ ಶಿರಾ, ಬಡವನಹಳ್ಳಿ ಎಂದು ನಾನೂ ಅವನ ಹಿಂದೆ ತಿರುಗಿದವನು. ಮಾರುವವನ ಕೈಯನ್ನು ಟವೆಲ್ ಕೆಳಗೆ ಹಿಡಿದು, ಬೆರಳು ಒತ್ತಿ ರೇಟು ಹೇಳುವುದು ಅಲ್ಲಿನ ಪದ್ಧತಿ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. "ನಿಂಗೆ ಅಂತ ಈ ರೇಟು ಕಣ್ಲಾ, ಯಾರ್ಗೂ ಹೇಳ್ಬ್ಯಾಡ" ಎಂದು ಅಪ್ಪ ಬಾಯಲ್ಲಿ ಹೇಳುತ್ತಿದ್ದ. ಆಚೆ ಹೋಗಿ ಇನ್ನೊಬ್ಬನ ಕೈ ಹಿಡಿದು ಅದೇ ಮಾತು. ರೇಟು ಮಾತ್ರ ಬೇರೆ. "ಟವಲ್ ಇರಾ ತಂಕ ಸಂತೆ ನಮ್ದು. ಅದು ಬಿದ್ರೆ ಅವರ್ದು" ಎಂದು ನನಗೆ ಕಲಿಸಿದ್ದ.

ಪೆನ್ನಿಗೆ ಮುಚ್ಚಳ ಹಾಕಿದೆ. "ಊಟ ಮಾಡ್ಕೊಂಡು ಬತ್ತೀನಿ ಸಾರ್" ಎಂದೆ.

"ಪೇಪರ್ ಹೊರಗೆ ತಗೊಂಡು ಹೋಗೋ ಹಾಗಿಲ್ಲ."

"ಇಲ್ಲೇ ಇರ್ಲಿ ಸಾರ್. ನಂಗೆ ಬಾಯೈತೆ."

ಹೊರಗೆ ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದರು. ನಮ್ಮ ಕಡೆ ಇನ್ನೊಬ್ಬರ ಸಂಬಳ ಕೇಳುವುದು ಮರ್ಯಾದೆಯಲ್ಲ. ಅದಕ್ಕೇ ಮೊದಲು ನನ್ನದನ್ನೇ ಹೇಳಿದೆ. "ನಂಗೆ ಎರಡು ತಿಂಗ್ಳದ್ದಂತೆ. ಆಮ್ಯಾಲೆ ಮತ್ತೆ ಕರೀತಾರಂತೆ, ನನ್ನೊಬ್ಬನ್ನೇ. ನಿಮ್ಗೆಲ್ಲಾ ಏನಂದ್ರು?"

"ಸುಮ್ಕೆ ಉಣ್ಣು ರಂಗಣ್ಣ, ಸಾರು ಆರೋಯ್ತದೆ" ಎಂದಳು ಕೊರಟಗೆರೆಯ ಪುಷ್ಪಾ.

ಶಿರಾದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಶಾಹೀನಾ ನನಗಿಂತ ಮೊದಲು ಸೇರಿದವಳು. ಅವಳು ಡಬ್ಬಿಯ ಮುಚ್ಚಳ ಹಾಕಿ ಹೇಳಿದಳು. "ನಂಗೆ ಹದಿನೈದು ದಿನದ್ದು ಭಾಯ್. ಬಾಣಂತನದ ರಜ ಹಾಕಿದ್ದೆ ಅಲ್ವಾ, ಅದ್ಕೆ. ಅದೂ ನಿಮಗೆ ಮಾತ್ರ ಅಂದ್ರು."

ಪುಷ್ಪಾಳ ಕೈ ತುತ್ತಿನ ಮೇಲೆ ನಿಂತಿತು. "ನಂಗೂ ಅಂಗೇ ಅಂದ್ರಲ್ಲ. ನಂದು ಒಂದು ತಿಂಗ್ಳು."

ಪಾವಗಡದ ರಾಮಾಂಜಿ ಮಾತ್ರ ಗೋಡೆ ನೋಡುತ್ತಿದ್ದ. ಬೆಂಗಳೂರಿನವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಹುಡುಗ. ಅವನ ಕಿವಿ ಕೆಂಪಾಗಿತ್ತು.

"ಏನ್ಲಾ ರಾಮಾಂಜಿ, ನಿಂದೆಷ್ಟು?"

ಗಾಬರಿಯಾದರೆ ಅವನ ಬಾಯಲ್ಲಿ ತೆಲುಗು ಬರುತ್ತದೆ. "ಮೂಡು ನೆಲಲು ಅನ್ನಾ" ಎಂದ. ಮೂರು ತಿಂಗಳದ್ದು.

"ಸೈನ್ ಹಾಕ್ಬುಟ್ಯಾ?"

"ಲೇದನ್ನಾ. ಊಟ ಆದ್ಮೇಲೆ ಹಾಕ್ತೀನಿ ಅಂದೆ."

ಹಾಕಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸಿಗುವುದನ್ನು ಕಳಕೋ ಎಂದು ಇನ್ನೊಬ್ಬರ ಮನೆಯ ಮಗನಿಗೆ ಹೇಳಲು ನಾನು ಯಾರು? ಅವನು ಮುದ್ದೆ ಪೂರ್ತಿ ಉಂಡ. ಕೈ ತೊಳೆದು ಬಂದು ಶಾಹೀನಾಳ ಮುಚ್ಚಿದ ಡಬ್ಬಿಯನ್ನು ನೋಡಿದ. "ಪದಂಡಿ, ನಡೀರಿ, ಎಲ್ರೂ ಒಂದೇ ಸಲ ಹೋಗಾನ" ಎಂದ.

ಹನ್ನೆರಡು ಜನಕ್ಕೆ ಆ ಕೋಣೆ ಸಾಲದು. ಅರ್ಧ ಜನ ಹೊಸ್ತಿಲಲ್ಲಿ ನಿಂತರು.

"ಒಬ್ಬೊಬ್ಬರೇ ಬನ್ನಿ ಅಂದಿದ್ದೆನಲ್ಲ" ಎಂದರು ಆಫೀಸರ್.

"ಒಬ್ಬೊಬ್ರೇ ಬಂದಾಯ್ತು ಸಾರ್. ಈಗ ಟವಲ್ ತೆಗ್ದು ಮಾತಾಡಾನ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಪುಷ್ಪಾ ಹಿಂದಿನಿಂದ ಹೇಳಿದಳು. "ಎಲ್ಲಾರ್ಗೂ ಒಂದೇ ರೇಟು ಹೇಳಿ ಅಂತ ಸಾರ್."

"ಅದೂ ಅಲ್ದೆ, ನಾವಾಗಿ ಬುಡ್ತಾ ಇಲ್ಲ. ನೀವು ತೆಗೀತಾ ಇದ್ದೀರ. ಅಂಗೇ ಬರೀರಿ" ಎಂದೆ ನಾನು.

ಅವರ ದನಿ ಬದಲಾಯಿತು. "ಸಹಿ ಹಾಕದಿದ್ರೆ ಏನೂ ಸಿಗಲ್ಲ. ರಂಗಣ್ಣ, ಆಮೇಲೆ ನಿಮ್ಮನ್ನ ಮತ್ತೆ ಕರೆಯೋದು ಕಷ್ಟ ಆಗುತ್ತೆ."

"ಕರೀಬ್ಯಾಡಿ ಸಾರ್. ಮೋಟಾರ್ ರಿಪೇರಿ ಮಾಡ್ಕೊಂಡು ತಿಂತೀನಿ. ಸುಳ್ಳಿಗೆ ಸೈನ್ ಹಾಕಲ್ಲ."

ಹೇಳಿಬಿಟ್ಟೆ. ಬೇರೆ ಎಲ್ಲೂ ನನ್ನ ಹೆಸರಿನ ಕೆಳಗೆ ಟೆಸ್ಟರ್ ಎಂದು ಯಾರೂ ಬರೆದುಕೊಡುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹಿಂದೆ ಸರಿಯಲಿಲ್ಲ.

ಬೆಂಗಳೂರಿಗೆ ಫೋನಿನ ಮೇಲೆ ಫೋನು ಹೋಯಿತು. ಶಿರಾ ಬಸ್ಸು ಹೊರಟುಹೋಯಿತು, ಶಾಹೀನಾ ಏಳಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಮಾತು ಮುಗಿಯಿತು. ಎಲ್ಲರಿಗೂ ಎರಡೆರಡು ತಿಂಗಳು. ಆಫೀಸು ಮುಚ್ಚಿದ್ದರಿಂದ ಕೆಲಸದಿಂದ ತೆಗೆಯಲಾಗಿದೆ ಎಂದು ಹೊಸ ಹಾಳೆ ಬಂತು, ಬೆಳಿಗ್ಗೆ ಸಹಿಯಾಗಿದ್ದ ಹಾಳೆಗಳನ್ನು ಹರಿದರು. ಪುಷ್ಪಾ ಗಟ್ಟಿಯಾಗಿ ಓದಿದ ಮೇಲೆ ಎಲ್ಲರೂ ಒಟ್ಟಿಗೆ ಸಹಿ ಹಾಕಿದೆವು.

ಮೆಟ್ಟಿಲಿಳಿಯುವಾಗ ಆ ಆಫೀಸರ್ ನನ್ನ ಪಕ್ಕ ಬಂದರು. "ನನ್ನನ್ನೂ ಶುಕ್ರವಾರ ಇದಕ್ಕೇ ಕರೆದಿದ್ದಾರೆ" ಎಂದರು ಮೆಲ್ಲಗೆ.

"ಒಬ್ರೇ ಹೋಗ್ಬ್ಯಾಡಿ ಸಾರ್" ಎಂದೆ.

ಕೆಲಸವಂತೂ ಉಳಿಯಲಿಲ್ಲ. ಈಗ ನಾನು ಬಸ್ ಸ್ಟ್ಯಾಂಡ್ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಅದರದೇ ಒಂದು ಮೂಲೆಯಲ್ಲಿ ರಾಮಾಂಜಿ ಮೊಬೈಲ್ ರಿಪೇರಿ ಮಾಡುತ್ತಾನೆ. ಅವನು ಕಳೆದುಕೊಂಡ ಒಂದು ತಿಂಗಳ ಸಂಬಳ ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಒಮ್ಮೆ ಹೇಳಿಯೂ ಹೇಳಿದೆ. "ಬುಡನ್ನಾ, ಅದು ಉಂಡಿದ್ರೂ ಅರಗ್ತಿರ್ಲಿಲ್ಲ" ಎಂದ.

ಮೊನ್ನೆ ಅದೇ ಕಂಪನಿಯಿಂದ ಫೋನ್ ಬಂತು. ಬೇರೆ ಯಾರದೋ ದನಿ. ಹೊಸ ಆಟ ಬಂದಿದೆ, ಮನೆಯಲ್ಲೇ ಕೂತು ಮಾಡಬಹುದು ಎಂದರು. "ಸದ್ಯಕ್ಕೆ ನಿಮಗೆ ಮಾತ್ರ ಹೇಳ್ತಿದೀವಿ" ಎಂದರು.

ನಾನು ರಾಮಾಂಜಿಯ ಮುಖ ನೋಡಿದೆ. "ಒಂದ್ನಿಮಿಷ ಸಾರ್" ಎಂದು ಫೋನನ್ನು ಅವನ ಕೈಗೆ ಕೊಟ್ಟೆ. ಅವನು ಶಾಹೀನಾಳನ್ನೂ ಪುಷ್ಪಾಳನ್ನೂ ಅದೇ ಲೈನಿಗೆ ಸೇರಿಸಿ, ಸ್ಪೀಕರ್ ಹಾಕಿ, ಟೇಬಲ್ ಮೇಲೆ ಇಟ್ಟ.

"ಈಗ ಹೇಳಿ ಸಾರ್" ಎಂದೆ. "ನಾವು ನಾಲ್ಕು ಜನ ಕೇಳ್ತಾ ಇದೀವಿ."